ಸಭೆಗೆ ಒಯ್ದ ಬಾಟಲಿ

ಮದುವೆಯಾದ ಮೇಲೆ ನನ್ನ ಮೂಗಿಗೆ ಸಿಕ್ಕಷ್ಟು ಕೆಲಸ ನನ್ನ ಬೇರೆ ಯಾವ ಅಂಗಕ್ಕೂ ಸಿಕ್ಕಿಲ್ಲ. ನಮ್ಮ ಮನೆಯವರು ಕುಡಿಯುತ್ತಿದ್ದ ಕಾಲದಲ್ಲಿ, ಅವರು ಗೇಟು ದಾಟುವ ಮೊದಲೇ ಏನು ಕುಡಿದಿದ್ದಾರೆ, ಎಲ್ಲಿ ಕುಡಿದಿದ್ದಾರೆ, ಯಾರ ಜೊತೆ ಕುಡಿದಿದ್ದಾರೆ ಎಂದು ಹೇಳಬಲ್ಲವಳಾಗಿದ್ದೆ. ಅವರು ಕುಡಿಯುವುದನ್ನು ಬಿಟ್ಟು ಆರು ವರ್ಷವಾದ ಮೇಲೂ ಆ ಅಭ್ಯಾಸ ನನ್ನನ್ನು ಬಿಟ್ಟಿರಲಿಲ್ಲ. ಸಂಜೆ ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಏನೋ ಕೇಳುವ ನೆಪ ಮಾಡಿಕೊಂಡು ಹತ್ತಿರ ಹೋಗುತ್ತಿದ್ದೆ. ಆ ನೆಪ ಅವರಿಗೂ ಗೊತ್ತಿತ್ತು. ಬಾಯಿ ಅಗಲಿಸಿ ಒಮ್ಮೆ ‘ಹಾ’ ಎಂದು ಉಸಿರು ಬಿಟ್ಟು, “ಆಯ್ತಾ ಇನ್‌ಸ್ಪೆಕ್ಟ್ರೇ?” ಎನ್ನುತ್ತಾ ಒಳಗೆ ಹೋಗುತ್ತಿದ್ದರು.

ಅವರು ನಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಗಂಡನ ಬಾಯಿ ಮೂಸುವ ಈ ಮಹಾತಾಯಿ ಮನೆಯಲ್ಲಿ ವೈನ್ ಮಾಡಿ ಮಾರುವವಳು. ಮಡಿಕೇರಿಗೆ ಬರುವ ಪ್ರವಾಸಿಗರು ಕಾಫಿಪುಡಿ, ಜೇನುತುಪ್ಪ, ಏಲಕ್ಕಿಯ ಜೊತೆಗೆ ಹೋಮ್ ಮೇಡ್ ವೈನನ್ನೂ ಕೇಳುತ್ತಾರೆ. ದ್ರಾಕ್ಷಿ, ಶುಂಠಿ, ನೆಲ್ಲಿಕಾಯಿ, ಕೊನೆಗೆ ಗಾಂಧಾರಿ ಮೆಣಸಿನ ವೈನ್ ಕೂಡ ಬೇಕು ಅವರಿಗೆ. ನಮ್ಮವರು ಎಸ್ಟೇಟಿನ ಜೀಪನ್ನು ಚರಂಡಿಗೆ ಇಳಿಸಿ ಡ್ರೈವರ್ ಕೆಲಸ ಕಳೆದುಕೊಂಡ ವರ್ಷ ನಾನು ಎರಡು ಭರಣಿಯಿಂದ ಶುರು ಮಾಡಿದ್ದು, ಆಮೇಲೆ ಹದಿನಾಲ್ಕು ಭರಣಿಗೆ ಬಂತು. ಅವರು ಕುಡಿತ ಬಿಟ್ಟು ಪಂಪ್‌ಸೆಟ್ ರಿಪೇರಿ ಕಲಿತರು. ತೋಟಗಳಿಗೆ ಹೋಗಿ ಕೆಟ್ಟ ಮೋಟಾರು ತಂದು ತಂತಿ ಸುತ್ತಿ ಕೊಡುತ್ತಾರೆ. ವೈನ್ ಇಡುವ ಕೋಣೆಗೆ ನಾನು ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದೆ. ಅವರು ಕುಡಿಯದೆ ಇರುವುದು ಆ ಬೀಗದಿಂದ ಮತ್ತು ನನ್ನ ಮೂಗಿನಿಂದ ಎಂದೇ ನಾನು ನಂಬಿದ್ದೆ. ಹೇಗೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ ಅವರು ಮಾತ್ರ, “ಯೇಸುಸ್ವಾಮಿ ಬಿಡಿಸಿದ್ರು” ಎಂದಷ್ಟೇ ಹೇಳುತ್ತಿದ್ದರು. ನನಗೆ ಸ್ವಲ್ಪ ಸಿಟ್ಟು ಬರುತ್ತಿತ್ತು. ಪಕ್ಕದಲ್ಲೇ ನಿಂತಿದ್ದವಳ ಹೆಸರೇ ಇಲ್ಲವಲ್ಲ ಎಂದು.

ನಾನು ಹುಟ್ಟಿದ್ದು ಹಾರಂಗಿ ಅಣೆಕಟ್ಟಿನ ಹತ್ತಿರದ ಹಳ್ಳಿಯಲ್ಲಿ. ತಂದೆ ಅಲ್ಲಿನ ಸಣ್ಣ ಸಭೆಗೆ, ಚರ್ಚಿಗೆ ನಾವು ಹಾಗೆನ್ನುತ್ತೇವೆ, ಉಪದೇಶಿ. ಒಳ್ಳೆಯ ಮನುಷ್ಯ, ಆದರೆ ಅವರ ಬಾಯಲ್ಲಿ ‘ದೇವರು ನೋಡ್ತಾ ಇದ್ದಾನೆ’ ಎಂಬ ಮಾತು ಬರುತ್ತಿದ್ದದ್ದು ನಾವು ಏನಾದರೂ ತಪ್ಪು ಮಾಡುವಾಗ ಮಾತ್ರ. ಭಾನುವಾರ ಸೂಜಿ ಮುಟ್ಟಬಾರದು, ಪ್ರಾರ್ಥನೆಯಲ್ಲಿ ಕಣ್ಣು ಬಿಡಬಾರದು, ಯಾರ ಮೇಲಾದರೂ ಕೋಪ ಇದ್ದರೆ ಯೇಸುಸ್ವಾಮಿಯ ನೆನಪಿಗೆ ಹಂಚುವ ಕರ್ತನ ಭೋಜನಕ್ಕೆ ಕೈ ಚಾಚಬಾರದು. ನಾನು ಎಲ್ಲವನ್ನೂ ಪಾಲಿಸಿದೆ. ಈ ವಯಸ್ಸಿನವರೆಗೂ ಪಾಲಿಸಿದೆ. ಸ್ಕೂಲಿನಲ್ಲಿ ಬೆತ್ತದ ಮಾಸ್ತರರ ಕ್ಲಾಸಿನಲ್ಲಿ ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರುತ್ತೇವಲ್ಲ, ದೇವರ ಮುಂದೆ ಹಾಗೆ ಕೂತಿದ್ದೆ.

ಮಡಿಕೇರಿಯ ನಮ್ಮ ಸಭೆ ಸಣ್ಣದು. ಕೂಡಿಸಿದರೆ ಮೂವತ್ತು ಮನೆ ಇರಬಹುದು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ಇರುತ್ತದೆ. ರೊಟ್ಟಿಯ ಚೂರು, ಆಮೇಲೆ ಹೆಬ್ಬೆರಳಿನಷ್ಟು ಸಣ್ಣ ಲೋಟಗಳಲ್ಲಿ ದ್ರಾಕ್ಷಾರಸ. ಮೊದಲು ನಿಜವಾದ ವೈನನ್ನೇ ಕೊಡುತ್ತಿದ್ದರು. ನಮ್ಮವರು ಕುಡಿತ ಬಿಟ್ಟ ವರ್ಷ ನಮ್ಮ ಪಾದ್ರಿಗಳು, ನಾವು ಅಯ್ಯನವರು ಎನ್ನುತ್ತೇವೆ, ಇನ್ನು ಮುಂದೆ ಹುಳಿ ಬರಿಸದ, ಬರೀ ಕುದಿಸಿ ಸೋಸಿದ ರಸ ಸಾಕು ಎಂದರು. ಯಾರಿಗಾಗಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ಆ ರಸ ಮಾಡುವ ಕೆಲಸವನ್ನು ನನಗೇ ಕೊಟ್ಟರು.

ಇದು ಒಬ್ಬರಿಗೆ ಮಾತ್ರ ಹಿಡಿಸಲಿಲ್ಲ. ಸಭೆಯಲ್ಲಿ ಒಬ್ಬ ಹಿರಿಯರಿದ್ದಾರೆ, ಎಂಬತ್ತರ ಹತ್ತಿರ. ವೈನ್ ಮಾರುವವಳ ಕೈಯಿಂದ ಕರ್ತನ ಮೇಜಿಗೆ ರಸ ಬರುವುದು ಹೇಗೆ ಎಂದು ಅವರು ಮೀಟಿಂಗಿನಲ್ಲೇ ಕೇಳಿದ್ದರು. ಅವರ ಜೇಬಿನಲ್ಲಿ ಸದಾ ನಶ್ಯದ ಡಬ್ಬಿ ಇರುತ್ತದೆ. ನಶ್ಯ ಪಾಪವಲ್ಲ, ವೈನ್ ಪಾಪ. ಎದುರು ಮಾತಾಡಲು ಧೈರ್ಯ ಸಾಲದೆ ಮನೆಗೆ ಬಂದು ಅವರನ್ನು ‘ನಶ್ಯದ ಅಜ್ಜ’ ಎಂದು ಕರೆದು ಸೇಡು ತೀರಿಸಿಕೊಂಡೆ. ಅವರಿಗೆ ಒಂದು ಕುಂದೂ ಸಿಗಬಾರದು ಎಂಬ ಹಟದಲ್ಲಿ ಆ ಕೆಲಸ ಮಾಡುತ್ತಿದ್ದೆ. ಶುಕ್ರವಾರದ ಸಂತೆಯಲ್ಲಿ ಕಪ್ಪು ದ್ರಾಕ್ಷಿಯನ್ನು ಒಂದೊಂದೇ ಗೊಂಚಲು ಆರಿಸಿ ತರುತ್ತಿದ್ದೆ. ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಬಟ್ಟೆ. ಕುದಿಸಿ, ಹಿಂಡಿ, ಆರಿಸಿ, ಬಾಟಲಿಗೆ ತುಂಬಿ ಕತ್ತಿಗೆ ಬಿಳಿ ದಾರ ಕಟ್ಟುತ್ತಿದ್ದೆ. ನನಗೆ ಸಭೆಯಲ್ಲಿ ಒಂದು ಜಾಗ ಅಂತ ಇದ್ದರೆ ಅದು ಆ ಬಾಟಲಿಯಿಂದಲೇ.

ಎರಡು ವರ್ಷದ ಹಿಂದೆ, ಡಿಸೆಂಬರ್ ಮೊದಲ ವಾರ, ಊರಿಗೆ ಪ್ರವಾಸಿಗರು ನುಗ್ಗಿದ ಸಮಯ. ಶನಿವಾರ ಬೆಳಿಗ್ಗೆ ನಮ್ಮವರ ದೊಡ್ಡಪ್ಪ ಸಂಪಾಜೆಯಲ್ಲಿ ತೀರಿಕೊಂಡ ಸುದ್ದಿ ಬಂತು. ನಮ್ಮವರು ಅಲ್ಲಿಯವರೇ. ನನಗೆ ಆರ್ಡರ್ ಇತ್ತು, ಅವರೊಬ್ಬರೇ ಬಸ್ಸಿಗೆ ಹೋದರು. ಮಣ್ಣು ಕೊಟ್ಟ ಮೇಲೆ ಅಲ್ಲಿ ಹಳೆಯ ಗೆಳೆಯರು ಸೇರುತ್ತಾರೆ, ಸೇರಿದ ಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತು. ಮೂರು ಗಂಟೆಗೆ ಬರುತ್ತೇನೆ ಎಂದವರು ಐದಾದರೂ ಬರಲಿಲ್ಲ. ಫೋನು ಸ್ವಿಚ್ ಆಫ್. ನಾನು ಸಭೆಯ ರಸವನ್ನು ಬಾಟಲಿಗೆ ತುಂಬಿ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲೇ ಅಂಗಡಿಗೆ ಹೋಗಬೇಕಾದ ಹನ್ನೆರಡು ದ್ರಾಕ್ಷಿ ವೈನಿನ ಬಾಟಲಿಗಳಿದ್ದವು. ಲೇಬಲ್ ಅಂಟಿಸುವುದು ಅಂಗಡಿಯಲ್ಲಿ, ಹಾಗಾಗಿ ಎಲ್ಲವೂ ಬೋಳು ಬಾಟಲಿಗಳೇ. ದಾರ ಹುಡುಕುತ್ತಿದ್ದೆ, ಮನಸ್ಸು ಬಸ್ ಸ್ಟ್ಯಾಂಡಿನಲ್ಲಿತ್ತು. ಅಷ್ಟರಲ್ಲಿ ಅಂಗಡಿಯ ಆಟೋ ಬಂದು ಹಾರನ್ ಬಾರಿಸತೊಡಗಿತು. ಕಣ್ಣು ರಸ್ತೆಯ ಮೇಲೆ ಇಟ್ಟುಕೊಂಡೇ ಹನ್ನೆರಡು ಬಾಟಲಿ ಪೆಟ್ಟಿಗೆಗೆ ಹಾಕಿ ಕೊಟ್ಟೆ. ಮೇಜಿನ ಮೇಲೆ ಉಳಿದ ಒಂದಕ್ಕೆ ಬಿಳಿ ದಾರ ಕಟ್ಟಿದೆ.

ದೀಪ ಹಾಕುವ ಹೊತ್ತಿಗೆ ನಮ್ಮವರು ಬಂದರು. ಬಸ್ಸು ಘಾಟಿಯಲ್ಲಿ ಕೆಟ್ಟಿತಂತೆ, ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ. ‘ಹಾ’ ಎಂದು ಉಸಿರು ಬಿಟ್ಟರು. ಏನೂ ವಾಸನೆ ಇರಲಿಲ್ಲ. ಏಲಕ್ಕಿ ಅಗಿದಿರಬಹುದು ಎಂದು ಯೋಚಿಸಿದೆ. ಬೆಳಿಗ್ಗೆ ಎದ್ದು ಮತ್ತೆ ಕೇಳಿದೆ. ಯಾರ್‍ಯಾರು ಸಿಕ್ಕಿದ್ದರು, ಎಲ್ಲಿ ಕೂತಿದ್ದಿರಿ, ಎಷ್ಟು ಹೊತ್ತು. ಅವರು ಮೊದಲು ನಕ್ಕರು, ಆಮೇಲೆ ನಗು ನಿಂತಿತು. “ದೊಡ್ಡಪ್ಪನ ಮಣ್ಣು ಮಾಡಿ ಬಂದಿದ್ದೇನೆ ಮಾರಾಯ್ತಿ. ಇವತ್ತೊಂದು ದಿನ ಬಿಡು” ಎಂದರು. ನಾನು ಬಿಡಲಿಲ್ಲ. ಮಾತಿಗೆ ಮಾತು ಬೆಳೆಯಿತು.

ಹೀಗೆ ಕೋಪ ಹೊತ್ತುಕೊಂಡೇ ಸಭೆಗೆ ಹೋದೆ. ಬಾಟಲಿಯನ್ನು ಪಕ್ಕದ ಸಣ್ಣ ಕೋಣೆಯಲ್ಲಿ ಇಟ್ಟೆ. ಅದನ್ನು ಲೋಟಗಳಿಗೆ ಸುರಿಯುವುದು ಆ ಹಿರಿಯರ ಕೆಲಸ. ನನ್ನ ನಿಯಮ ನನಗಿದೆಯಲ್ಲ, ಕೋಪ ಇದ್ದರೆ ಭೋಜನಕ್ಕೆ ಹೋಗಬಾರದು. ಎಲ್ಲರೂ ಎದ್ದು ಮುಂದೆ ಹೋದಾಗ ನಾನು ಬೆಂಚಿನಲ್ಲೇ ತಲೆ ತಗ್ಗಿಸಿ ಕೂತೆ. ಕೋಪ ಬಿಡಬಹುದು ಎಂದು ಹೊಳೆಯಲೇ ಇಲ್ಲ. ನಿಯಮ ಮುರಿಯಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಕಣ್ಣಂಚಿನಿಂದ ಗಂಡನನ್ನು ನೋಡುತ್ತಿದ್ದೆ.

ಅವರು ಮೊಣಕಾಲೂರಿ ರೊಟ್ಟಿ ತೆಗೆದುಕೊಂಡರು. ಲೋಟವನ್ನೂ ತೆಗೆದುಕೊಂಡು ಬಾಯಿಯ ಹತ್ತಿರ ತಂದರು. ಅಲ್ಲೇ ತಡೆದರು. ಸ್ವಲ್ಪ ಹೊತ್ತು ಕೈ ಹಾಗೇ ನಿಂತಿತ್ತು. ಆಮೇಲೆ ಆ ಲೋಟವನ್ನು ಹೇಗಿತ್ತೋ ಹಾಗೇ ತಟ್ಟೆಯಲ್ಲಿಟ್ಟು ಎದ್ದು ಬಂದರು. ತಪ್ಪು ಮಾಡಿದವರು ತಾನೆ ಲೋಟ ಹಿಂದೆ ಇಡುವುದು? ಸಂಪಾಜೆಯಲ್ಲಿ ಕುಡಿದಿದ್ದಾರೆ, ಮನಸ್ಸಾಕ್ಷಿ ಚುಚ್ಚಿದೆ, ಇನ್ನೇನು ಬೇಕು ಸಾಕ್ಷಿ?

ಆರಾಧನೆ ಮುಗಿದ ಮೇಲೆ ಉಳಿದ ರಸವನ್ನು ಹಿತ್ತಲಿನ ಗಿಡದ ಬುಡಕ್ಕೆ ಸುರಿದು ಲೋಟ ತೊಳೆಯುವುದು ನನ್ನ ಕೆಲಸ. ಆ ದಿನ ಸ್ತ್ರೀಸಮಾಜದವರು ಕ್ರಿಸ್‌ಮಸ್ ಕಾರ್ಯಕ್ರಮದ ಮಾತು ತೆಗೆದು ನಿಲ್ಲಿಸಿಕೊಂಡರು. ಬಿಡಿಸಿಕೊಂಡು ಕೋಣೆಗೆ ಹೋದರೆ ಬಾಟಲಿ ಇಲ್ಲ. ಹಿಂಬಾಗಿಲಿನಿಂದ ನೋಡಿದೆ. ನಮ್ಮವರು ನನಗೆ ಬೆನ್ನು ಹಾಕಿ ದಾಸವಾಳದ ಗಿಡದ ಹತ್ತಿರ ನಿಂತಿದ್ದರು. ಕೈಯಲ್ಲಿ ಬಾಟಲಿ. ಹತ್ತಿರ ಹೋದೆ. ಅಂಗಿಯ ತೋಳಿಗೆ ಚೆಲ್ಲಿತ್ತು. ವೈನ್! ನನ್ನ ಮೂಗಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬಾಟಲಿಯ ಕತ್ತಿನ ಬಿಳಿ ದಾರದ ಕಡೆ ಕಣ್ಣು ಹೋಗಲೇ ಇಲ್ಲ.

“ಸಂಪಾಜೇಲಿ ಕುಡ್ದಿದ್ದು ಸಾಲ್ದು ಅಂತ ದೇವರ ಮನೆ ಹಿಂದೇನೂ ಶುರು ಮಾಡಿದ್ರಾ?” ಎಂದು ಕೂಗಿದೆ. ಗಂಟಲು ನನ್ನದು ದೊಡ್ಡದು. ಹೊರಗೆ ನಿಂತಿದ್ದವರೆಲ್ಲ ಹಿತ್ತಲಿಗೆ ಬಂದರು. ನಶ್ಯದ ಅಜ್ಜನೂ ಬಂದರು. “ಮನೇಲಿ ಬೀಗ ಹಾಕ್ಕೊಂಡು ಕಾಯ್ತೀನಿ, ಇಲ್ಲಿಗೂ ಕದ್ದು ತಂದ್ರಲ್ರೀ! ನನ್ನ ಆರು ವರ್ಷದ ಪ್ರಾರ್ಥನೆ ನೀರುಪಾಲು ಮಾಡಿದ್ರಲ್ಲ!”

ನಮ್ಮವರು ನನ್ನನ್ನು ನೋಡಿದರು. ಹಿಂದೆ ನಿಂತ ಜನರನ್ನು ನೋಡಿದರು. ಖಾಲಿ ಬಾಟಲಿಯನ್ನು ಗೋಡೆಯ ಬದಿಗೆ ಇಟ್ಟು, “ಮನೆಗೆ ಹೋಗುವ” ಎಂದರು. ಅಷ್ಟೇ.

ಹೆಂಗಸರು ನನ್ನ ಭುಜ ಸವರಿದರು. “ಪಾಪ, ನೀವೊಬ್ಬರು ಎಷ್ಟೂಂತ ಕಾಯ್ತೀರಿ?” ಎಂದು ಒಬ್ಬರು ಕಣ್ಣೊರೆಸಿಕೊಂಡರು. ಸುಳ್ಳು ಹೇಳುವುದಿಲ್ಲ, ಆ ‘ಪಾಪ’ ನನಗೆ ಹಿತವಾಗಿತ್ತು.

ಸೋಮವಾರ ಅವರು ಎಂದಿನಂತೆ ಟೂಲ್ಸ್ ಚೀಲ ಹಿಡಿದು ಹೊರಟವರು ಹತ್ತು ಗಂಟೆಗೇ ವಾಪಸ್ ಬಂದರು. ಹೋಗಬೇಕಿದ್ದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ನಮ್ಮ ಸಭೆಯವರೇ. ಸದ್ಯಕ್ಕೆ ಬರುವುದು ಬೇಡ, ಕುಡಿದವರು ಕರೆಂಟಿಗೆ ಕೈ ಹಾಕಿ ಏನಾದರೂ ಆದರೆ ನಾನು ಉತ್ತರ ಕೊಡಬೇಕಾಗುತ್ತದೆ ಎಂದು ಗೇಟಿನಲ್ಲೇ ಹೇಳಿ ಕಳಿಸಿದರಂತೆ. ನಮ್ಮವರು ಅದನ್ನು ನನಗೆ ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿ, ಜಗಲಿಯಲ್ಲಿ ಒಂದು ಹಳೆಯ ಮೋಟಾರು ಬಿಚ್ಚಿಕೊಂಡು ಕೂತರು. ಅವರ ಕೆಲಸ ನಡೆಯುವುದೇ ಹೆಸರಿನ ಮೇಲೆ. ಆರು ವರ್ಷ ಒಂದೊಂದೇ ತೋಟದಲ್ಲಿ ಗಳಿಸಿದ ಹೆಸರು. ಅದು ಹೋದರೆ ಮತ್ತೆ ಕಟ್ಟಲು ಅವರಿಗೆ ಇನ್ನೊಂದು ಆಯಸ್ಸು ಬೇಕು. ನನಗೆ ಒಳಗೆ ಕಸಿವಿಸಿಯಾಯಿತು. ಮಾಡಿದ್ದು ಅನುಭವಿಸಲಿ ಎಂದುಕೊಂಡು ಅಡುಗೆಮನೆಗೆ ಹೋದೆ.

ಮಂಗಳವಾರ ಮಧ್ಯಾಹ್ನ ಅಂಗಡಿಯವರ ಫೋನು ಬಂತು.

“ಎಂತಕ್ಕಾ ಇದು? ಒಂದು ಬಾಟಲಿಯಲ್ಲಿ ಎಂತ ಹಾಕಿ ಕೊಟ್ಟಿದ್ದೀರಿ? ಮೈಸೂರಿನ ಪಾರ್ಟಿ ವಾಪಸ್ ತಂದು ಗಲಾಟೆ ಮಾಡ್ತಾ ಉಂಟು. ವೈನಲ್ಲ, ಶರಬತ್ತು ಅಂತ. ನಾನೂ ಕುಡಿದು ನೋಡಿದೆ ಅಕ್ಕಾ. ಮಕ್ಕಳಿಗೆ ಕೊಡಬಹುದು, ಅಷ್ಟು ಸಪ್ಪೆ!”

ಉಳಿದ ಹನ್ನೊಂದು ಸರಿ ಇವೆಯೇ ಎಂದು ಕೇಳಿದೆ. ಅವೆಲ್ಲ ಫಸ್ಟ್ ಕ್ಲಾಸ್ ಎಂದರು. ಬೇರೆ ಬಾಟಲಿ ಕಳಿಸುತ್ತೇನೆ ಎಂದು ಫೋನಿಟ್ಟೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಟೋದ ಹಾರನ್, ಮೇಜು, ಹದಿಮೂರು ಬೋಳು ಬಾಟಲಿ, ರಸ್ತೆಯ ಕಡೆಗಿದ್ದ ನನ್ನ ಕಣ್ಣು. ಗಂಡ ಕುಡಿದಾನೋ ಎಂದು ಕಾಯುತ್ತಾ ಕಾಯುತ್ತಾ ವೈನನ್ನು ಸಭೆಗೆ ಹೊತ್ತುಕೊಂಡು ಹೋದವಳು ನಾನೇ.

ಜಗಲಿಗೆ ಹೋದೆ. ಅವರು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು.

“ಸಭೆಗೆ ವೈನ್ ತಂದಿದ್ದು ನಾನು” ಎಂದೆ.

“ಹೌದು” ಎಂದರು, ತಲೆ ಎತ್ತದೆ.

“ನಿಮಗೆ ಗೊತ್ತಿತ್ತಾ?”

“ಲೋಟ ಬಾಯಿ ಹತ್ರ ಬಂದ ಕೂಡ್ಲೇ ಗೊತ್ತಾಯ್ತು. ನೀನು ಮಾಡುವ ವೈನಿನ ಪರಿಮಳ ನಂಗೆ ಗೊತ್ತಾಗದಾ?”

“ಮತ್ತೆ ಅಷ್ಟು ಜನರ ಮುಂದೆ ನಾನು ಬೈತಿದ್ರೆ ಯಾಕ್ರೀ ಬಾಯಿಗೆ ಬೀಗ ಹಾಕ್ಕೊಂಡು ನಿಂತ್ರಿ? ಒಂದು ಮಾತು ಹೇಳ್ಬಾರ್ದಾಗಿತ್ತಾ?”

“ಎಂತ ಹೇಳುದು? ನಾನಲ್ಲ, ನನ್ನ ಹೆಂಡ್ತಿ ತಂದದ್ದು ಅಂತವಾ? ನಿನ್ನ ನಶ್ಯದ ಅಜ್ಜ ಅಲ್ಲೇ ನಿಂತಿದ್ರು. ಆ ಕೂಡ್ಲೇ ಆ ಕೆಲಸ ನಿನ್ನ ಕೈಯಿಂದ ತೆಗೀತಿದ್ರು. ನಿಂಗೆ ಆ ಕೆಲಸ ಎಷ್ಟು ಇಷ್ಟಾಂತ ನಂಗೆ ಗೊತ್ತುಂಟು. ಬಾಟಲಿ ಖಾಲಿ ಮಾಡಿದ್ರೆ ಯಾರಿಗೂ ಗೊತ್ತಾಗುದಿಲ್ಲ ಅಂತ ಹೋದದ್ದು. ನೀನು ಅಷ್ಟು ಬೇಗ ಬರ್ತಿ ಅಂತ ಎಣಿಸ್ಲಿಲ್ಲ.”

ನಾನು ಅತ್ತೆ. ಸಾಮಾನ್ಯವಾಗಿ ಅಳುವವಳಲ್ಲ, ಕೂಗುವವಳು. ಅತ್ತು ಮುಗಿದ ಮೇಲೆ ಮನಸ್ಸಿನಲ್ಲಿದ್ದ ಇನ್ನೊಂದನ್ನು ಕೇಳಿದೆ. “ಲೋಟ ಕೈಯಲ್ಲೇ ಇತ್ತು. ಕುಡೀಬೇಕು ಅಂತ ಅನ್ನಿಸ್ಲಿಲ್ವಾ?”

ಅವರು ತಂತಿಯನ್ನು ಕೆಳಗಿಟ್ಟರು. “ಅನ್ನಿಸ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಬಾಯಲ್ಲಿ ನೀರು ಬಂತು. ಕುಡಿದ್ರೆ ಯಾರೂ ಎಂತ ಹೇಳುವ ಹಾಗಿರ್ಲಿಲ್ಲ, ಪಾದ್ರಿಗಳೇ ಕೊಟ್ಟದ್ದಲ್ವಾ? ಆದ್ರೆ ನಾನಿದ್ದದ್ದು ಯೇಸುಸ್ವಾಮಿಯ ಮೇಜಿನ ಎದುರು. ನಾನು ಚರಂಡಿಯಲ್ಲಿ ಬಿದ್ದಿದ್ದಾಗ್ಲೂ ಬೇಡ ಅನ್ನದೆ ಕರ್ದವರು. ಅವರಿಗೆ ಬೇಜಾರು ಮಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅಷ್ಟೇ.”

“ದೇವರ ಹೆದರಿಕೆ ಅಂತೀರಾ?”

“ಹೆದರಿಕೆ ನಿನ್ನ ಹತ್ರ ಉಂಟು” ಎಂದು ಎರಡು ದಿನದಲ್ಲಿ ಮೊದಲ ಸಲ ನಕ್ಕರು. “ಅವರ ಹತ್ರ ಇಲ್ಲ.”

ಆ ಮಾತನ್ನು ನಾನು ತಮಾಷೆ ಎಂದು ತಳ್ಳಿಹಾಕಲು ನೋಡಿದೆ. ಆಗಲಿಲ್ಲ. ಸಾರು ಕುದಿಸುವಾಗ, ಬಟ್ಟೆ ಮಡಿಸುವಾಗ ಅದೇ ಸುತ್ತುತ್ತಿತ್ತು. ನನ್ನ ಮೇಲೆ ಪ್ರೀತಿ ಇದ್ದರೆ ನನ್ನ ಮಾತಿನಂತೆ ನಡೆಯುತ್ತೀರಿ ಎಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಆದರೆ ನಾನು ಅದನ್ನು ತಿರುಗಿಸಿ ಇಟ್ಟುಕೊಂಡಿದ್ದೆ. ಹೇಳಿದಂತೆ ನಡೆದರೆ ಪ್ರೀತಿಸುತ್ತಾರೆ, ನಡೆಯದಿದ್ದರೆ ಇಲ್ಲ. ಅದಕ್ಕೇ ಒಂದು ನಿಯಮವನ್ನೂ ಬಿಡದೆ ಹಿಡಿದುಕೊಂಡಿದ್ದೆ. ಆ ಭಾನುವಾರವನ್ನೇ ನೋಡಿ. ನಿಯಮ ಪಾಲಿಸಿದ ನಾನು ಬೆಂಚಿನಲ್ಲಿ ಕೋಪ ಕಾಯಿಸಿಕೊಂಡು ಕೂತಿದ್ದೆ. ಬಾಯಿಯ ಹತ್ತಿರ ಬಂದ ಲೋಟವನ್ನು ಬಿಟ್ಟು ಎದ್ದು ಬಂದವರು, ಆಮೇಲೆ ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರು ಅವರು. ದೇವರಿಗೆ ಇಷ್ಟವಾದದ್ದನ್ನು ನಾನು ಇಷ್ಟಪಟ್ಟು ಮಾಡಿದ್ದು ಯಾವಾಗ ಎಂದು ಹುಡುಕಿದೆ. ಒಂದೂ ನೆನಪಾಗಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ನನಗೆ ನನ್ನ ಮೇಲೇ ಅಯ್ಯೋ ಅನ್ನಿಸಿತು. ಇಷ್ಟು ವರ್ಷ ದೇವರ ಮನೆಯಲ್ಲಿದ್ದು ಮನೆಯವಳ ಹಾಗೆ ಒಂದು ದಿನವೂ ಇರಲಿಲ್ಲವಲ್ಲ ಎಂದು.

ಸಭೆಯ ಮುಂದೆ ಹೇಳುತ್ತೇನೆ ಎಂದೆ. ಅವರು ಬೇಡವೆಂದರು. ರೈಟರಿಗೆ ಒಂದು ಮಾತು ಹೇಳಿದರೆ ಸಾಕು, ಕೆಲಸ ಬರುತ್ತದೆ, ನೀನ್ಯಾಕೆ ಇದ್ದದ್ದನ್ನು ಕಳೆದುಕೊಳ್ಳುತ್ತೀಯ ಎಂದರು. ನಿಜ, ಹಾಗೆ ಮಾಡಿದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಆದರೆ ಅವರ ಹೆಸರನ್ನು ಎಲ್ಲರ ಮುಂದೆ ಹಾಳು ಮಾಡಿ, ಗುಟ್ಟಿನಲ್ಲಿ ಸರಿ ಮಾಡುವುದು ನನ್ನಿಂದ ಆಗಲಿಲ್ಲ. ಅದು ದೇವರಿಗೂ ಬೇಸರ ತರುತ್ತದೆ ಎಂದು ಅನ್ನಿಸಿತು. ಶಿಕ್ಷೆಯ ಯೋಚನೆ ಬರಲಿಲ್ಲ, ದೇವರಿಗೆ ಬೇಸರ ಎಂಬ ಯೋಚನೆ ಬಂತು. ನನಗೆ ಅದು ಹೊಸದು.

ಮುಂದಿನ ಭಾನುವಾರ ಉಪದೇಶದ ಪ್ರಸಂಗ ಮುಗಿದ ಮೇಲೆ, ಯಾರಿಗಾದರೂ ದೇವರಿಗೆ ಸ್ತೋತ್ರ ಹೇಳುವುದಿದ್ದರೆ ಹೇಳಬಹುದು ಎಂದು ಅಯ್ಯನವರು ಕೇಳಿದರು. ನಾನು ಎದ್ದು ನಿಂತೆ. ಗಂಟಲು ದೊಡ್ಡದೆಂದೆನಲ್ಲ, ಆ ದಿನ ಅದು ಎಲ್ಲಿ ಅಡಗಿತ್ತೋ. ಹಾರನ್‌ನಿಂದ ಶರಬತ್ತಿನವರೆಗೆ ಎಲ್ಲವನ್ನೂ ಹೇಳಿದೆ. “ಕಳೆದ ವಾರ ನೀವೆಲ್ಲ ಕುಡಿದದ್ದು ನಾನು ಮಾರುವ ವೈನ್. ನಮ್ಮವರು ಅದನ್ನು ಕುಡಿಯಲಿಲ್ಲ. ನನ್ನ ಮಾನ ಉಳಿಸಲಿಕ್ಕೆ ಹೋಗಿ ನನ್ನ ಬಾಯಿಗೇ ಸಿಕ್ಕಿದರು. ಆರು ವರ್ಷದಿಂದ ಅವರು ಒಂದು ತೊಟ್ಟೂ ಮುಟ್ಟಿಲ್ಲ, ಅದಕ್ಕೆ ನಾನೇ ಸಾಕ್ಷಿ. ನನ್ನನ್ನು ಕ್ಷಮಿಸಬೇಕು.” ರೈಟರ್ ತಲೆ ಕೆಳಗೆ ಹಾಕಿದ್ದು ಕಾಣಿಸಿತು.

ನಶ್ಯದ ಅಜ್ಜ ಎದ್ದರು. ಇನ್ನು ಮುಗಿಯಿತು ಎಂದುಕೊಂಡೆ. ಅವರು ಕೋಲಿನ ಮೇಲೆ ಭಾರ ಹಾಕಿ ನಿಂತರು. “ಲೋಟಕ್ಕೆ ಸುರಿದವನು ನಾನು. ನನಗೂ ಗೊತ್ತಾಗಲಿಲ್ಲ. ನನ್ನ ಮೂಗು ಸತ್ತು ಎಷ್ಟೋ ವರ್ಷವಾಯಿತು” ಎಂದರು. ಆಮೇಲೆ ದನಿ ಗಟ್ಟಿ ಮಾಡಿ, “ಆದರೂ ಆ ಕೆಲಸ ಇನ್ನು ಬೇರೆಯವರು ಮಾಡಿದರೆ ಒಳ್ಳೆಯದು” ಎಂದು ಕೂತರು. ನಾನು ಹೂಂ ಎಂದೆ. ಎದೆಯಲ್ಲಿ ಚುಚ್ಚಿದ ಹಾಗಾಯಿತು, ಆದರೆ ಅವರ ಮಾತು ತಪ್ಪಲ್ಲ.

ಯಾರು ಮಾಡುತ್ತೀರಿ ಎಂದು ಅಯ್ಯನವರು ಕೇಳಿದಾಗ ಮುಂದಿನ ಬೆಂಚಿನಲ್ಲಿದ್ದ ಒಬ್ಬ ಅಜ್ಜಿ ಕೈ ಎತ್ತಿದರು. “ಅವಳ ಗಂಡನೇ ಮಾಡ್ಲಿ. ಇಷ್ಟು ಜನ ಕುಡಿದೆವು, ಒಬ್ಬರಿಗೂ ಎಂತ ಗೊತ್ತಾಗ್ಲಿಲ್ಲ. ಕುಡೀದೆ ಗೊತ್ತು ಮಾಡಿದ್ದು ಅವ ಒಬ್ಬನೇ. ನಂಗಂತೂ ಆ ದಿನದ್ದು ಬಹಳ ಒಳ್ಳೇದುಂಟು ಅನ್ನಿಸಿತ್ತು.” ಸಭೆಯೇ ನಕ್ಕಿತು. ಅಯ್ಯನವರೂ ನಗುತ್ತಾ, ಒಲೆ ತಮ್ಮ ಮನೆಯಲ್ಲೇ ಇದೆ, ಅಲ್ಲೇ ಮಾಡಲಿ ಎಂದರು. ಎಲ್ಲರೂ ತಲೆಯಾಡಿಸಿದರು. ನನಗಂತೂ ಹಾರಿಬಿಡುವಷ್ಟು ಸಂತೋಷ. ಹೋದ ಹೆಸರು ಎರಡರಷ್ಟಾಗಿ ಬಂತಲ್ಲ!

ಆಗ ನಮ್ಮವರು ಎದ್ದು ನಿಂತರು. ಆರು ವರ್ಷದಲ್ಲಿ ಅವರು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

“ನಮ್ಮವಳು ಹೇಳಿದ್ದರಲ್ಲಿ ಒಂದು ಸರಿ ಇಲ್ಲ” ಎಂದರು. “ಅವಳಿಗೆ ಗೊತ್ತಿಲ್ಲದ್ದು, ಅವಳ ತಪ್ಪಲ್ಲ. ಬಿಟ್ಟ ಮೇಲೆ ನಾನು ಒಂದು ಸಲ ಕುಡಿದಿದ್ದೇನೆ. ಮೂರು ವರ್ಷ ಆಯ್ತು. ಒಂದು ತೋಟದಲ್ಲಿ ಪಂಪು ಸರಿ ಮಾಡಿದ ಮೇಲೆ ಕೊಟ್ರು, ಕುಡಿದೆ. ಮನೆಗೆ ಹೋಗ್ಲಿಕ್ಕೆ ಧೈರ್ಯ ಬರ್ಲಿಲ್ಲ, ಪಂಪ್‌ಹೌಸಿನಲ್ಲೇ ಕೂತೆ. ದೇವರು ಇನ್ನು ನನ್ನ ಬಿಟ್ಟು ಹೋಗ್ತಾರೆ ಅಂತ ಕಾದೆ. ಹೋಗ್ಲಿಲ್ಲ. ಅದರ ಮೇಲೆ ಮತ್ತೆ ಕುಡೀಲಿಕ್ಕೆ ನನ್ನಿಂದ ಆಗ್ಲಿಲ್ಲ. ಇದು ಗೊತ್ತಿದ್ದು ಆ ಕೆಲಸ ಕೊಡುದಾದ್ರೆ ಕೊಡಿ. ಇಲ್ಲದಿದ್ರೆ ಬೇಡ.”

ಆ ದಿನ ನನಗೆ ನೆನಪಿತ್ತು. ಬೆಲ್ಟು ತುಂಡಾಯಿತು, ಕೆಲಸ ಮುಗಿಯಲಿಲ್ಲ ಎಂದು ಹೇಳಿ ಮರುದಿನ ಮಧ್ಯಾಹ್ನ ಮನೆಗೆ ಬಂದಿದ್ದರು. ಮೊದಲು ಬಂದದ್ದು ಸಿಟ್ಟು, ಸುಡುವ ಸಿಟ್ಟು. ಎಲ್ಲರ ಮುಂದೆ ಸಾಕ್ಷಿ ಹೇಳಿದ ಬಾಯಿ ಇನ್ನೂ ಆರಿರಲಿಲ್ಲ, ನನ್ನನ್ನು ಸುಳ್ಳಿ ಮಾಡಿದರಲ್ಲ! ಸುಮ್ಮನೆ ಕೂತಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಅವರ ಅಂಗಿ ಹಿಡಿದು ಕೂರಿಸಬೇಕೆನಿಸಿತು. ಅದರ ಹಿಂದೆಯೇ ಇನ್ನೊಂದು ಬಂತು, ಸಿಟ್ಟಿಗಿಂತ ಭಾರದ್ದು. ಅಷ್ಟು ದೊಡ್ಡ ಸಂಕಟದಲ್ಲಿ ಆ ಮನುಷ್ಯನಿಗೆ ದೇವರ ಹತ್ತಿರ ಇರಲು ಧೈರ್ಯ ಬಂತು, ನನ್ನ ಹತ್ತಿರ ಬರಲು ಬರಲಿಲ್ಲ. ಆರು ವರ್ಷ ನಾನು ಕಾಪಾಡಿದ್ದೇನೆಂದುಕೊಂಡ ಗಂಡನನ್ನು ಕಾಪಾಡಿದವರು ಬೇರೆ ಇದ್ದರು, ನನ್ನ ಮೇಲಿನ ಹೆದರಿಕೆ ಗಂಡನನ್ನು ಆ ರಾತ್ರಿ ಮನೆಯಿಂದ ಹೊರಗೆ ಇಟ್ಟಿತ್ತು ಅಷ್ಟೇ.

ಅಯ್ಯನವರು ಕನ್ನಡಕ ತೆಗೆದು ಒರೆಸಿದರು. “ಮುಂದಿನ ತಿಂಗಳ ರಸ ನೀವೇ ಮಾಡಿ” ಎಂದರು. ಅದಕ್ಕೆ ಬೇರೇನೂ ಸೇರಿಸದೆ ಕೀರ್ತನೆಯ ನಂಬರು ಹೇಳಿದರು. ಎಲ್ಲರೂ ಎದ್ದು ನಿಂತು ಪುಸ್ತಕದ ಹಾಳೆ ಮಗುಚತೊಡಗಿದರು. ನಮ್ಮವರು ಮಾತ್ರ ಕೂತುಬಿಟ್ಟಿದ್ದರು. ತಲೆ ಬಗ್ಗಿತ್ತು, ಭುಜ ನಡುಗುತ್ತಿತ್ತು.

ನಮ್ಮ ಸಭೆಯಲ್ಲಿ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ನಡುವಿನ ದಾರಿಯನ್ನು ದಾಟಿ ಆ ಕಡೆ ಹೋಗಿ ಕೂತ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಪುಸ್ತಕ ಬೆಂಚಿನ ಮೇಲಿಟ್ಟು ಹೊರಟೆ. ಮೊದಲ ಚರಣ ಮುಗಿಯುವ ಹೊತ್ತಿಗೆ ಅವರ ಬೆಂಚಿನ ಹತ್ತಿರ ನಿಂತಿದ್ದೆ. ಅವರು ಒದ್ದೆ ಮುಖ ಎತ್ತಿ ಗಾಬರಿಯಿಂದ ನೋಡಿದರು.

“ಎಂತ ಮಾರಾಯ್ತಿ, ಇದು ಗಂಡಸರ ಕಡೆ” ಎಂದು ಪಿಸುಗುಟ್ಟಿದರು.

“ಗೊತ್ತಿದೆ. ಸ್ವಲ್ಪ ಆ ಕಡೆ ಸರೀರಿ” ಎಂದೆ.

ಅವರು ಸರಿದು ಜಾಗ ಮಾಡಿಕೊಟ್ಟರು.